ಬಾಯ್ಲರ್ ಕಾಯುವಷ್ಟು ಹೊತ್ತು

ಲಾಂಡ್ರಿಯ ಮೇಲಿನ ಮನೆ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಅಕ್ಕನ ಮನೆಯಲ್ಲಾದರೂ ಭಾರ ಎತ್ತಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗಂಡ ಮಾತ್ರ ಮಾತು ಬಿಟ್ಟಿದ್ದಾನೆ. ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಾನೆ. ಬಡಿಸಿದರೂ ಸಾಕು ಅನ್ನುತ್ತಾನೆ, ಬಡಿಸದಿದ್ದರೂ ಸಾಕು ಅನ್ನುತ್ತಾನೆ.

ನೀನು ಹೋದ ಕಾರಣ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡ. ಬೆಳಿಗ್ಗೆ ಬಾಯ್ಲರ್ ಹಚ್ಚಿ, ಹಬೆ ಬರುವವರೆಗೆ ಇಸ್ತ್ರಿ ಮೇಜಿನ ಸುತ್ತ ನಿಂತು ಪ್ರಾರ್ಥನೆ ಮಾಡುವುದು ನಿನ್ನ ಮಾವನ ಕಾಲದಿಂದ ಬಂದ ಪದ್ಧತಿ. ಮದುವೆಯಾಗಿ ಬಂದಂದಿನಿಂದ ನೀನು ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ, ಒಳಗೆ ಬರುತ್ತಿರಲಿಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ಬೆಳೆದವಳಲ್ಲ, ಮೆಲ್ಲಗೆ ಬರುತ್ತಾಳೆ ಎಂದು ನಿನ್ನ ಗಂಡ ಹೇಳಿದ್ದ. ನನಗೆ ತಾಳ್ಮೆ ಎಲ್ಲಿದೆ? ನೀನು ಹೋದ ದಿನ ಕೆಲಸದವರೆಲ್ಲರ ಮುಂದೆ ಕಣ್ಣು ಮುಚ್ಚಿಕೊಂಡು, "ಕರ್ತನೇ, ನನ್ನ ಸೊಸೆಯ ಹಟವನ್ನು ಮುರಿ" ಎಂದು ಬೇಡಿದೆ. ಕರ್ತನಿಗೆ ಪಿಸುಮಾತೂ ಕೇಳಿಸುತ್ತದೆ. ಗಟ್ಟಿಯಾಗಿ ಹೇಳಿದ್ದು ನಿನಗೆ ಕೇಳಿಸಲಿ ಎಂದೇ. ಕಣ್ಣು ಬಿಟ್ಟಾಗ ಗಂಟು ಹೊಸ್ತಿಲ ಮೇಲಿತ್ತು, ನೀನಿರಲಿಲ್ಲ.

ಇನ್ನು ನಮ್ಮ ಇಸ್ತ್ರಿಯಕ್ಕನ ಸುದ್ದಿ. ಪ್ರಾರ್ಥನೆಯ ಹೊತ್ತಿನಲ್ಲಿ ಆಕಳಿಸುತ್ತಾ ನಿಲ್ಲುವವಳು, ನಿನಗೇ ಗೊತ್ತು. ಅವಳ ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ನಿನ್ನೆ ಎಲ್ಲರಿಗಿಂತ ಮೊದಲು ಬಂದು, "ಅಮ್ಮಾ, ನಿಮ್ಮ ಯೇಸುಸ್ವಾಮಿ ಹತ್ರ ನಾನೂ ಮಾತಾಡಬಹುದಾ?" ಅಂದಳು. ನನಗೆ ಹೆಮ್ಮೆ ಉಕ್ಕಿತು. ನನ್ನ ಶಿಸ್ತು, ನನ್ನ ನಡತೆ ನೋಡಿಯೇ ಮನಸ್ಸು ತಿರುಗಿದೆ ಅಂದುಕೊಂಡೆ. ನನ್ನಲ್ಲಿ ಏನು ಕಂಡೆ ಎಂದು ಕೇಳಿಯೂ ಬಿಟ್ಟೆ. ಕೇಳಬಾರದಿತ್ತು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ದಿನವೆಲ್ಲಾ ಬೈತೀರಿ. ಮೊನ್ನೆ ಪ್ರಾರ್ಥನೆ ಮಧ್ಯೆ ಕಣ್ಣು ಮುಚ್ಕೊಂಡೇ, ಬಟ್ಟೆ ಗಂಜಿ ಪಾತ್ರೆ ಯಾರು ತೆರೆದಿಟ್ಟಿದ್ದು ಅಂತ ಬೈದು ಆಮೇಲೆ ಆಮೆನ್ ಅಂದ್ರಿ. ಆದ್ರೂ ಮಾರನೇ ದಿನ ಮತ್ತೆ ಹೋಗಿ ಅವನ ಮುಂದೆ ನಿಲ್ತೀರಿ. ನಿಮ್ಮನ್ನೇ ಸಹಿಸ್ಕೊಂಡಿದ್ದಾನೆ ಅಂದ್ಮೇಲೆ ನನ್ನನ್ನೂ ಸಹಿಸ್ಕೋತಾನೆ, ಅಲ್ವಾ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೌದು, ಸಹಿಸಿಕೊಳ್ಳುತ್ತಾನೆ ಎಂದೆ. ಅವಳಿಗೆ ಪ್ರಾರ್ಥನೆಯ ಮಾತು ಬಾರದು. ಗಂಡನನ್ನು ಮನೆಯಲ್ಲಿ ಕರೆಯುವ ಹೆಸರು ಹೇಳಿ ಹೇಳಿ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಹಬೆ ಬಂದು ಬಾಯ್ಲರ್ ಕೂಗಿದರೂ ಇಬ್ಬರೂ ಕದಲಲಿಲ್ಲ. ಅವಳ ಗಂಡ ಇನ್ನೂ ಆಸ್ಪತ್ರೆಯಲ್ಲೇ ಇದ್ದಾನೆ, ವೈದ್ಯರು ಕಾಯಿರಿ ಅಂದಿದ್ದಾರೆ.

ನೆಟ್ಟಗಿರುವವರೇ ಯೇಸುವಿನ ಸುವಾರ್ತೆ ಹೇಳಬೇಕೆಂದರೆ ನಾನು ಬಾಯಿಯೇ ತೆರೆಯುವಂತಿಲ್ಲ. ಆದರೆ ನೆಟ್ಟಗಿದ್ದೇನೆ ಅಂದುಕೊಂಡು ಬಾಯಿ ತೆರೆದದ್ದರಿಂದ ನಿನ್ನನ್ನು ಹೊಸ್ತಿಲಾಚೆ ಕಳಿಸಿದೆ.

ನಿನ್ನ ಅಕ್ಕ ಭಾವನಿಗೆ ನನ್ನ ವಂದನೆ, ಮಕ್ಕಳಿಗೆ ಮುತ್ತು. ಕರ್ತನು ನಿನ್ನನ್ನು ಕಾಯಲಿ.

ನಿನ್ನ ಅತ್ತೆ

ತಾ.ಕ.: ಅಂಚೆಗೆ ಹೊತ್ತಾಯಿತೆಂದು ನಿನ್ನ ಗಂಡ ಕೆಳಗಿನಿಂದ ಕೂಗುತ್ತಿದ್ದಾನೆ. ಇಂದು ಬೆಳಿಗ್ಗೆ ಅದೇ ಮೇಜಿನ ಸುತ್ತ, ಆ ಕೆಲಸದವರೆಲ್ಲರ ಮುಂದೆ, "ಕರ್ತನೇ, ನನ್ನ ಹಟವನ್ನು ಮುರಿ, ಸೊಸೆಯನ್ನು ನೋಯಿಸಿದ್ದನ್ನು ಕ್ಷಮಿಸು" ಎಂದು ಬೇಡಿದೆ. ಎಲ್ಲರೂ ಸೇರಿ ಹೆಂಚು ಹಾರಿಹೋಗುವಂತೆ ಆಮೆನ್ ಅಂದರು. ನನ್ನ ಯಾವ ಪ್ರಾರ್ಥನೆಗೂ ಅವರು ಇಷ್ಟು ಗಟ್ಟಿಯಾಗಿ ಅಂದಿರಲಿಲ್ಲ. ಕರ್ತನಲ್ಲಿ ಕ್ಷಮೆ ಕೇಳಿದ್ದಾಯಿತು, ನಿನ್ನಲ್ಲಿ ಕೇಳುವುದು ಬಾಕಿ ಇದೆ. ಬಾ. ಒಳಗೆ ಬರಲೇಬೇಕೆಂದಿಲ್ಲ, ಬಾಗಿಲಲ್ಲೇ ನಿಲ್ಲು. ನಾನೇ ಅಲ್ಲಿಗೆ ಬರುತ್ತೇನೆ.