ಬೆಡ್‌ಶೀಟಿನ ಆ ತುದಿ

ಜೂನ್ 3, ಮಂಗಳವಾರ

ಬೆಡ್‌ಶೀಟ್, ಬೆಡ್‌ಶೀಟ್, ಮತ್ತೆ ಬೆಡ್‌ಶೀಟ್. ಹೋಟೆಲ್ ಲಾಂಡ್ರಿಯಲ್ಲಿ ಇನ್ನೇನಿರುತ್ತದೆ. ಈ ತುದಿ ನಾನು, ಆ ತುದಿ ಅಕ್ಕ. ಮೊಬೈಲಿನಲ್ಲಿ ನಮ್ಮ ಸ್ಪ್ಯಾನಿಷ್ ಬ್ಯಾಂಡು. ಒಂದಕ್ಷರ ಅರ್ಥವಾಗುವುದಿಲ್ಲ, ಆದರೆ ಡ್ರಮ್ಮಿನ ಏಟಿಗೆ ಸರಿಯಾಗಿ ಕೊಡವು, ಮಡಚು, ಎದುರುಬದುರು ಬಂದು ಮೂಲೆ ಕೂಡಿಸು. ಅಕ್ಕನೇ ಕಲಿಸಿದ ತಾಳ. ಈಗ ತಪ್ಪುವವಳೂ ಅವಳೇ. ಮೂಲೆ ಜಾರಿ ನೆಲಕ್ಕೆ ಬಿತ್ತೆಂದರೆ ಮತ್ತೆ ಒಗೆತ. ಗಮನ ಎಲ್ಲಿಟ್ಟಿದ್ದೀಯ ಎಂದು ಎಲ್ಲರೆದುರೇ ಬೈದೆ. ನಕ್ಕಳು. ಮೈಯೆಲ್ಲ ಉರಿಯಿತು.

ಜೂನ್ 5

ಸೂಪರ್‌ವೈಸರ್ — ನಾವಿಟ್ಟ ಹೆಸರು ಗಡಿಯಾರ — ಕರೆದರು. ನಮ್ಮ ಜೋಡಿ ಹಿಂದೆ ಬಿದ್ದಿದೆಯಂತೆ. ಹೀಗೇ ಆದರೆ ಅಕ್ಕನನ್ನು ತೆಗೆಯುತ್ತಾರಂತೆ. ಅವಳಿಗೆ ಹೇಳಿದೆ. ಮುಂದಿನ ಬೆಡ್‌ಶೀಟ್ ಎಳೆದುಕೊಂಡಳು. ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ.

ಜೂನ್ 6, ಬೆಳಗ್ಗೆ, ಬಸ್ಸಿನಲ್ಲಿ

ಬ್ಯಾಂಡಿನ ಹೊಸ ಸಿಂಗಲ್ ಬಂದಿದೆ. ಹಾಕಿ ಬೆಚ್ಚಿಬಿದ್ದೆ. ಫೋನೇ ಕೆಟ್ಟಿತೆಂದುಕೊಂಡೆ. ಇಷ್ಟು ನಿಧಾನವೇ... ಡ್ರಮ್ಮು ಎಲ್ಲೋ ಪಕ್ಕದ ಮನೆಯಲ್ಲಿದ್ದ ಹಾಗೆ. ಹಾಡುವವಳು ಬರೀ ಮಾತಾಡುತ್ತಾಳೆ. ಇವರಲ್ಲಿ ಯಾರಾದರೂ ಸತ್ತರೇ ಎಂದು ಹುಡುಕಿಯೂ ನೋಡಿದೆ. ಇಲ್ಲ, ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ. ಸುಮ್ಮನೆ ನಿಧಾನವಾಗಿದ್ದಾರೆ. ಈ ವಾರವೇ ಆಗಬೇಕಿತ್ತೇ.

ಅದೇ ದಿನ, ಊಟದ ಬಿಡುವು

ಊಟದ ಡಬ್ಬಿ ತೆರೆದಿಲ್ಲ. ಬರೆಯುತ್ತೇನೆ.

ಫೋನು ತಾನಾಗಿ ಆ ಹಾಡಿಗೆ ಹೋಯಿತು. ಎರಡೂ ಕೈಯಲ್ಲಿ ಬೆಡ್‌ಶೀಟ್, ಬದಲಿಸಲಾಗಲಿಲ್ಲ. ಕಾಲು ನಿಧಾನವಾಯಿತು. ಅಕ್ಕ ಬಂದಳು — ಮೂಲೆಗೆ ಮೂಲೆ, ಹಳೇ ಅಕ್ಕ. ಒಂದೂ ಜಾರಲಿಲ್ಲ. ಹತ್ತಿರ ಬಂದಾಗ ನೋಡಿದೆ. ಬಲಗೈ ಬೆರಳುಗಳು ಬಟ್ಟೆಯನ್ನು ಹಿಡಿದೇ ಇರಲಿಲ್ಲ. ಮೂಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ಸುತ್ತಿಕೊಳ್ಳುವಷ್ಟು ಹೊತ್ತು ಈ ಹಾಡಿನಲ್ಲಿತ್ತು.

ಯಾವಾಗಿನಿಂದ ಎಂದೆ.

"ಚಳಿಗಾಲದಿಂದ ಕಣೇ. ಬೆರಳು ನನ್ನ ಮಾತೇ ಕೇಳಲ್ಲ. ನೀನು ಬೈತಾ ಇರು. ನೀನು ಬೈದ್ರೆ ಸೋಮಾರಿ ಅಂದ್ಕೋತಾರೆ. ಕೈ ಹೋಗಿದೆ ಅಂತ ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತಾರೆ."

ಒಂದು ಬೆಡ್‌ಶೀಟಿನಷ್ಟು ದೂರ. ದಿನವೂ ಎದುರಿಗೇ ಇದ್ದಳು. ನನಗೆ ಕಾಣಲಿಲ್ಲವಲ್ಲ.

ಜೂನ್ 19

ನರದ ತೊಂದರೆ ಎಂದರು ಡಾಕ್ಟರು. ಆಪರೇಷನ್ ಮಾಡಬಹುದಂತೆ, ಕೈ ಮೊದಲಿನಂತಾಗುತ್ತದೆ ಎಂದು ಹೇಳಲಾರರಂತೆ. ಅಕ್ಕ ತಾನೇ ಹೋಗಿ ಗಡಿಯಾರಕ್ಕೆ ಹೇಳಿ ಕೆಲಸ ಬಿಟ್ಟಳು. ನನ್ನದಾದರೂ ಉಳಿಯಲಿ ಎಂದು.

ಇವತ್ತು ಆ ತುದಿಗೆ ಹೊಸಬಳು. ಬಲು ಚುರುಕು. ನಾನು ಆ ನಿಧಾನದ ಹಾಡನ್ನೇ ಹಾಕಿದೆ. ಅವಳು ಸರಸರ ಬಂದು ಕೈಯೊಡ್ಡಿ ಕಾಯುತ್ತ ನಿಂತಳು. ಐದೂ ಬೆರಳು ನೆಟ್ಟಗೆ. ಮೂಲೆ ಕೊಡಬೇಕಿತ್ತು. ನಾನು ಅದನ್ನು ಅಕ್ಕನ ಕೈಯೆಂಬಂತೆ ಅವಳ ಮಣಿಕಟ್ಟಿಗೆ ಸುತ್ತತೊಡಗಿದ್ದೆ.