ತಂಪಿನ ಹೊದಿಕೆ

ಭಾನುವಾರ, ಬೆಳಿಗ್ಗೆ

ಮುದ್ದಿನ ತಂಗಿಗೆ,

ನೀನೂ ಮಗುವೂ ಸುಖವಾಗಿ ಮನೆ ಸೇರಿದಿರೆಂದು ಅಮ್ಮ ಫೋನಿನಲ್ಲಿ ಹೇಳಿದ ಮೇಲೆ ನನಗೆ ಬಾಯಿ ಬಿಡುವ ಧೈರ್ಯ ಬಂತು. ತುಂಬಿದ ಬಸುರಿಗೆ ಹೇಳುವುದು ಬೇಡವೆಂದು ಮನೆಯವರೆಲ್ಲ ಸೇರಿ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟೆವು. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ, ಕೊನೆ ಚೆನ್ನಾಗಿದೆ.

ಚಳಿಗಾಲದಲ್ಲಿ ನನ್ನ ಮಗಳಿಗೆ, ನಿನ್ನ ಮುದ್ದಿನ ಗುಬ್ಬಿಗೆ, ಬಲಗೈ ಮಣಿಕಟ್ಟು ನೋಯತೊಡಗಿತು. ಆಟದಲ್ಲಿ ಉಳುಕಿರಬೇಕೆಂದು ಮುಲಾಮು ಹಚ್ಚಿದೆವು. ಊತ ಇಳಿಯಲಿಲ್ಲ. ಎಕ್ಸ್-ರೇಯಲ್ಲಿ ಮೂಳೆಯ ತುದಿ ಹುಳು ತಿಂದ ಹಣ್ಣಿನ ಹಾಗೆ ಪೊಳ್ಳಾಗಿ ಕಂಡಿತು. ಚೂರು ತೆಗೆದು ಪರೀಕ್ಷೆ ಮಾಡಿಸಿದಾಗ ಜೈಂಟ್ ಸೆಲ್ ಗಡ್ಡೆ ಎಂದು ಗೊತ್ತಾಯಿತು. ಬೆಳೆಯುವ ಮಕ್ಕಳಲ್ಲಿ ಅಪರೂಪವಂತೆ. "ಇದು ಸಾಮಾನ್ಯವಾಗಿ ಪ್ರಾಣ ತೆಗೆಯೋ ಗಡ್ಡೆ ಅಲ್ಲ. ಆದ್ರೆ ಹಾಗೇ ಬಿಟ್ರೆ ಮಣಿಕಟ್ಟನ್ನ ಉಳಿಸಲ್ಲ" ಎಂದರು ಮೂಳೆ ಡಾಕ್ಟರಮ್ಮ. ಗಡ್ಡೆಯನ್ನು ಕೆರೆದು ತೆಗೆದು, ಆ ಪೊಳ್ಳಿನೊಳಗೆ ಮೂಳೆಗೆಂದೇ ಇರುವ ಸಿಮೆಂಟ್ ತುಂಬಬೇಕು. ಸಿಮೆಂಟ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ. ಪಕ್ಕದಲ್ಲೇ ಮೂಳೆ ಉದ್ದವಾಗುವ ಎಳೆಯ ಭಾಗ. ಅದು ಸುಟ್ಟರೆ ಕೈ ಗಿಡ್ಡವಾಗಿಯೇ ಉಳಿದೀತು.

"ಹಾಗಾದ್ರೆ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಗಟ್ಟಿಯಾಗೋವರೆಗೂ ತಣ್ಣನೆ ಸಲೈನ್ ಹರಿಸ್ತಾನೇ ಇರ್ತೀವಿ."

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನನ್ನ ಕೆಲಸವೂ ಅದೇ ತಾನೇ? ವಿಮಾನದ ಇಂಜಿನ್ನಿನೊಳಗೆ ಬೆಂಕಿಯಂಥ ಗಾಳಿಯಲ್ಲಿ ತಿರುಗುವ ಟರ್ಬೈನ್ ಬ್ಲೇಡಿಗೆ ಸಣ್ಣ ತೂತುಗಳಿಂದ ತಂಪು ಗಾಳಿ ಬಿಟ್ಟು, ಮೈಮೇಲೆ ತೆಳುವಾದ ಹೊದಿಕೆ ಹೊದಿಸುವುದು. ಆ ತಂಪು ಗಾಳಿ ಜೋರಾಗಿ ಚಿಮ್ಮಿದರೆ ಹೊದಿಕೆ ಮೇಲೆದ್ದು ಬಿಸಿ ಒಳನುಗ್ಗುತ್ತದೆ. ಅದಕ್ಕೇ ತೂತಿನ ಬಾಯಿಯನ್ನು ಬೀಸಣಿಗೆಯಂತೆ ಅಗಲಿಸಬೇಕೆಂದು ವರ್ಷವಿಡೀ ಕಂಪ್ಯೂಟರಿನಲ್ಲಿ ಆಕಾರ ತಿದ್ದುತ್ತ ಕೂತಿದ್ದೆ. ಗುಂಡು ತೂತೇ ಸಾಕೆಂದು ಹಟ ಹಿಡಿದ ಸಹೋದ್ಯೋಗಿಗೆ ನಾವೆಲ್ಲ ಗುಂಡಣ್ಣ ಎಂದೇ ಹೆಸರಿಟ್ಟಿದ್ದೆವು.

ನನ್ನ ಬ್ಲೇಡನ್ನೂ ಗುಂಡಣ್ಣನ ಗುಂಡು ತೂತಿನ ಬ್ಲೇಡನ್ನೂ ಜೊತೆಗಿಟ್ಟು ನೋಡುವ ಪರೀಕ್ಷೆಯೂ ಆಪರೇಷನ್ನಿನ ದಿನವೇ ಬಿತ್ತು. ಆ ದಿನ ತಪ್ಪಿದರೆ ಹೊಸ ಇಂಜಿನ್ನಿಗೆ ಹಳೆಯ ತೂತುಗಳೇ ಗತಿ. ಬೇರೆ ದಾರಿಯಿಲ್ಲದೆ ಗುಂಡಣ್ಣನನ್ನೇ ಕೇಳಿದೆ. "ನಿಮ್ಮ ಬೀಸಣಿಗೆ ಮೇಲೆ ನಂಗೆ ನಂಬಿಕೆ ಇಲ್ಲ ಮೇಡಂ. ಆದ್ರೆ ಪರೀಕ್ಷೆ ನಿಯತ್ತಾಗಿ ಮಾಡ್ತೀನಿ. ನೀವು ಮಗು ಹತ್ರ ಇರಿ" ಎಂದರು.

ಆಪರೇಷನ್ ಕೋಣೆಯ ಹೊರಗೆ ನಿನ್ನ ಭಾವ ಪತ್ರಿಕೆ ಹಿಡಿದು ಕೂತಿದ್ದರು; ಪುಟ ಮಗುಚಲೇ ಇಲ್ಲ. ಕೊನೆಗೆ ಡಾಕ್ಟರಮ್ಮ ಹೊರಬಂದು ಮಾಸ್ಕ್ ಇಳಿಸಿ, "ಪೂರ್ತಿ ತೆಗೆದಿದ್ದೀವಿ. ಎಳೆ ಮೂಳೆಗೆ ಬಿಸಿ ತಾಗಿದ ಹಾಗಿಲ್ಲ" ಎಂದರು. ಅವರ ಕೈ ಹಿಡಿದುಕೊಂಡವಳು ನಾನು ಬಿಡಲೇ ಇಲ್ಲ. ಅವರೇ ಮೆಲ್ಲಗೆ ಬಿಡಿಸಿಕೊಂಡರು.

ಸಂಜೆ ಗುಂಡಣ್ಣನ ಫೋನ್. ಮೊದಲು ಕೇಳಿದ್ದು ಗುಬ್ಬಿಯ ಬಗ್ಗೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ಬ್ಲೇಡು ತಂಪಾಗಿದೆ ಮೇಡಂ. ನಂದು ಕಪ್ಪಗಾಗಿದೆ. ಮತ್ತೆ ಮತ್ತೆ ನೋಡ್ದೆ. ಇನ್ನು ನನ್ನ ಹೆಸರು ಬದಲಾಯಿಸಿ" ಎಂದರು. ವಾರ್ಡಿನ ಕಾರಿಡಾರಿನಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ನರ್ಸ್ ಗದರಿದಳು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಈ ಜನ್ಮದಲ್ಲೇ ಇಲ್ಲ.

ಮೊನ್ನೆಯ ಎಕ್ಸ್-ರೇಯೂ ಚೊಕ್ಕವಾಗಿದೆ. ಇಂಥ ಗಡ್ಡೆ ಮರಳಿ ಬರುವುದೂ ಉಂಟು, ಅದಕ್ಕೆ ಕೆಲವು ವರ್ಷ ತೋರಿಸುತ್ತಿರಬೇಕು. ತೋರಿಸಿದರಾಯಿತು, ಅದಕ್ಕೇನಂತೆ. ನನ್ನ ತೂತುಗಳು ಈಗ ಹೊಸ ಇಂಜಿನ್ ಸೇರುತ್ತಿವೆ. ಪಾಪುವಿಗೆ ದೊಡ್ಡಮ್ಮನ ಮುತ್ತು.

ನಿನ್ನ,
ಅಕ್ಕ

ತಾ.ಕ.: ಚಿಕ್ಕಮ್ಮ, ಅಕ್ಷರ ಅಮ್ಮನದಲ್ಲ ಅಂತ ಮೊದಲ ಸಾಲಿಗೇ ಗೊತ್ತಾಗಿರಬೇಕು. ಅಮ್ಮ ಹೇಳುತ್ತಾ ಹೋದಳು, ಬರೆದವಳು ನಾನು. ಪೂರ್ತಿ ಬಲಗೈಯಲ್ಲೇ. ಡಾಕ್ಟರಮ್ಮ ಹೊರಬಂದ ಭಾಗಕ್ಕೆ ಅವಳು ಎದ್ದು ನೀರು ಕುಡಿಯಲು ಹೋದಳು. ಅಲ್ಲಿ ಕೈ ಹಿಡಿದುಕೊಂಡ ಎರಡು ಸಾಲು ಅಪ್ಪನನ್ನು ಕೇಳಿ ನಾನೇ ಸೇರಿಸಿದ್ದು. ನೋವಿಲ್ಲ. ಬರೆದೂ ಬರೆದೂ ಹಸಿವಾಗಿದೆ, ಅಷ್ಟೇ.

ಗುಬ್ಬಿ