ಹರಣಿಯ ಎಲುಬಿನೊಳಗಿನ ಹಗೇವು

ಸಂತಪುರ, ತಾಲೂಕು ಔರಾದ್
೧೪ ಡಿಸೆಂಬರ್ ೨೦೨೪, ಮುಂಜಾನೆ

ನಮ್ಮ ಸರಿತವ್ವನಿಗೆ,

ನಿನ್ನ ಮಾವ ಮಡೆಪ್ಪ ಮನಸ್ಸು ತುಂಬಿ ಹರಸಿ ಬರೆಯುವುದು. ಹೇಗಿದ್ದೀಯವ್ವಾ? ಸೊಂಟದ ನೋವು ಇಳಿಯಿತೇ? ಏಳು ತಿಂಗಳು ತುಂಬಿದೆ, ಭಾಲ್ಕಿಯ ತವರಿನಲ್ಲಿ ಯಾವ ಭಾರವನ್ನೂ ಎತ್ತಬೇಡ. ಮೊದಲು ಇದನ್ನು ಓದು: ನಿನ್ನ ಎಮ್ಮೆ ಹರಣಿ ಬದುಕಿದೆ. ಈಗ ನನ್ನ ಬೆನ್ನ ಹಿಂದೆಯೇ ನಿಂತು ಕಣಿಕೆ ಮೆಲ್ಲುತ್ತಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿಮ್ಮ ಮನೆಯವರು ಸ್ಪೀಕರ್ ಹಚ್ಚಿ ನಡುಮನೆಯಲ್ಲಿ ಇಡುತ್ತಾರೆ. ನನ್ನ ತಪ್ಪು ನಿನ್ನ ಅಪ್ಪನ ಕಿವಿಗೆ ಬೀಳುವುದು ಬೇಡ. ಎಮ್ಮೆ ಕೊಟ್ಟವರು ಅವರು.

ತಪ್ಪೆಂದರೆ ಸುಣ್ಣ. ನೀನು ಹೋದ ಮೇಲೆ ಹರಣಿಯನ್ನು ನಿನಗಿಂತ ಚೆನ್ನಾಗಿ ನೋಡಿಕೊಳ್ಳುವ ಹಟ ನನಗೆ ಬಂತು. ಮೂರನೆಯ ಸೂಲು, ಎಲುಬು ಗಟ್ಟಿಯಿರಲಿ ಎಂದು ತಿಂಗಳಿಡೀ ದಿನಾ ಒಂದು ಚರಿಗೆ ಸುಣ್ಣದ ತಿಳಿ ಕುಡಿಸಿದೆ. ನಿನ್ನ ಅತ್ತೆ ಅಂಜನಾಬಾಯಿ "ಎಮ್ಮಿಗಿ ಸುಣ್ಣ ಹಚ್ಚಿ ಗ್ವಾಡಿ ಮಾಡ್ತೀರೇನ್ರಿ?" ಎಂದು ನಕ್ಕಳು. ಗುರುವಾರ ಬೆಳಿಗ್ಗೆ ಹೆಣ್ಣುಕರು ಹುಟ್ಟಿತು. ಗೆದ್ದೆ ಎಂದುಕೊಂಡು ಗಿಣ್ಣದ ಹಾಲನ್ನು ಕೊನೆಯ ಹನಿಯವರೆಗೂ ಹಿಂಡಿದೆ. ಮಧ್ಯಾಹ್ನಕ್ಕೆ ಹರಣಿ ಕುಸಿದು ಕೂತಿತು. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡಿತು. ಕಿವಿ ತಣ್ಣಗಾಗಿದ್ದವು. ಕರು ಬಂದು ಮೂಗು ತಾಗಿಸಿದರೂ ಕಣ್ಣು ಹೊರಳಿಸಲಿಲ್ಲ. ನಿನಗೆ ಯಾವ ಬಾಯಿಂದ ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನಿನ್ನ ಗಂಡ ದಿಲೀಪ ಓಡಿಹೋಗಿ ದನದ ಡಾಕ್ಟರ್ ಶೈಸ್ತಾ ಅವರನ್ನು ಬೈಕಿನಲ್ಲಿ ಕರೆತಂದ. ಬೀದರ ನಗರದ ಹುಡುಗಿ, ನಿನ್ನಷ್ಟೇ ವಯಸ್ಸು. ಬಾಟಲಿಯನ್ನು ಬೆಚ್ಚಗೆ ಮಾಡಿ, ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ, ಎದೆಬಡಿತ ಕೇಳುತ್ತ ಕೇಳುತ್ತ ನಿಧಾನವಾಗಿ ಕ್ಯಾಲ್ಸಿಯಂ ಬಿಟ್ಟರು. "ಏನ್ ಕುಡಿಸೀರಿ ಕಾಕಾ, ಖರೇ ಹೇಳ್ರಿ" ಎಂದರು. ಸುಣ್ಣ ಎಂದೆ. ಹಣೆ ಚಚ್ಚಿಕೊಂಡರು.

ಕೇಳವ್ವಾ, ಎಲುಬೆಂದರೆ ಮನೆಯ ತೊಲೆಯಂತೆ ಸುಮ್ಮನಿರುವ ವಸ್ತು ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಡಾಕ್ಟರ್ ಬಿಡಿಸಿ ಹೇಳಿದರು. ಅದೊಂದು ಹಗೇವು, ನಮ್ಮಜ್ಜ ನೆಲದೊಳಗೆ ಜೋಳ ತುಂಬಿಡುತ್ತಿದ್ದನಲ್ಲ, ಅಂಥದ್ದು. ಅದರೊಳಗೆ ಕಣ್ಣಿಗೆ ಕಾಣದ ಜೀವಕೋಶಗಳಿವೆಯಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅವಕ್ಕೆ ಕರೆ ಹೋಗುತ್ತದೆ. ಅವು ಎಲುಬಿಗೆ ಜಿಗಣೆಯಂತೆ ಅಂಟಿ, ಹುಳಿ ಸುರಿಸಿ, ತಾವು ಕೂತ ಜಾಗವನ್ನೇ ಕರಗಿಸಿ, ಒಳಗಿನ ಖನಿಜವನ್ನು ರಕ್ತಕ್ಕೆ ಬಿಡುತ್ತವೆ. ಆಮೇಲೆ ಬೇರೆ ಕೋಶಗಳು ಬಂದು ಆ ಕುಳಿಯನ್ನು ತುಂಬುತ್ತವೆ. ನಾನು ದಿನಾ ಬಾಗಿಲಿಗೇ ಸುಣ್ಣ ತಂದುಕೊಟ್ಟೆನಲ್ಲ, ಹಗೇವು ತೆಗೆಯುವವರು ಹಾಯಾಗಿ ಮಲಗಿಬಿಟ್ಟರು. ಕರು ಹುಟ್ಟಿ ಹಾಲು ಒಮ್ಮೆಲೇ ಉಕ್ಕಿದಾಗ, ಅವರು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ರಕ್ತ ಬರಿದಾಗಿತ್ತು.

ಬಾಟಲಿ ಮುಗಿಯುತ್ತ ಬಂದಾಗ ಹರಣಿಯ ಮೈ ನಡುಗಿತು. ಸೆಗಣಿ ಹಾಕಿತು, ಡಾಕ್ಟರರ ಬೂಟಿನ ಮೇಲೆ ಉಚ್ಚೆಯನ್ನೂ ಹೊಯ್ದಿತು. "ಬಂತ್ರಿ ಕಾಕಾ, ಜೀವ ಬಂತು!" ಎಂದು ಅವರು ಕುಣಿದಾಡಿದರು. ಹಿಂಗಾಲು ಮೊದಲು, ಆಮೇಲೆ ಮುಂಗಾಲು ಊರಿ ಹರಣಿ ಎದ್ದಿತು. ಅಂಜನಾಬಾಯಿ ಸೆರಗು ಬಾಯಿಗೊತ್ತಿ ಅತ್ತಳು. ನಾನು ಕರುವಿನ ಕುತ್ತಿಗೆ ತಬ್ಬಿ ಅಲ್ಲೇ ಕೂತುಬಿಟ್ಟೆ.

ಆಗಲೇ ನಿನ್ನ ನೆನಪಾಯಿತು. ಆಸ್ಪತ್ರೆಯವರು ಕೊಟ್ಟ ಕ್ಯಾಲ್ಸಿಯಂ ಗುಳಿಗೆ ನುಂಗುತ್ತೀಯಲ್ಲ, ಇವತ್ತೇ ನಿಲ್ಲಿಸಿಬಿಡು. ನಿನ್ನೊಳಗಿನವರೂ ಮಲಗಿಬಿಟ್ಟರೆ? ನೀನು ಹಾಗೆ ಬಿದ್ದರೆ ನೋಡುವ ಎದೆ ನನಗಿಲ್ಲ.

ಬೀಗರಿಗೆ ನನ್ನ ಶರಣು ಹೇಳು. ದಿಲೀಪನ ಕೈಯಲ್ಲಿ ಗಿಣ್ಣ ಕಳಿಸಿದ್ದೇನೆ, ಬೆಲ್ಲ ನಿನ್ನ ಅತ್ತೆಯೇ ಹಾಕಿದ್ದಾಳೆ. ಹೊಟ್ಟೆಯೊಳಗಿನ ಕೂಸಿಗೂ ನಿನಗೂ ನೂರು ವರ್ಷ.

ನಿನ್ನ ಮಾವ,
ಮಡೆಪ್ಪ

ತಾ.ಕ.: ಗುಳಿಗೆ ನಿಲ್ಲಿಸಬೇಡ! ಹರಣಿಯನ್ನು ನೋಡಲು ಡಾಕ್ಟರ್ ಶೈಸ್ತಾ ಈಗಷ್ಟೇ ಬಂದರು. ಜಾಣನಂತೆ ಈ ಪತ್ರ ಓದಿ ಹೇಳಿದೆ. "ಯಾ ಅಲ್ಲಾ! ನಾ ಎಮ್ಮಿ ಡಾಕ್ಟರ್ ಇದ್ದೀನ್ರಿ. ಸೊಸಿಗೂ ಎಮ್ಮಿ ಲೆಕ್ಕಾನೇ ಹಚ್ತೀರೇನ್ರಿ ಕಾಕಾ?" ಎಂದು ಬೈದರು. ಎಮ್ಮೆಯ ಹಾಲು ಒಂದೇ ದಿನದಲ್ಲಿ ಉಕ್ಕುತ್ತದೆ. ನಿನ್ನ ಕೂಸು ತಿಂಗಳುಗಟ್ಟಲೆ ನಿನ್ನಿಂದಲೇ ಪಡೆದು ಎಲುಬು ಕಟ್ಟಿಕೊಳ್ಳುತ್ತದಂತೆ. ನಿನ್ನ ಡಾಕ್ಟರ್ ಹೇಳಿದಂತೆಯೇ ನುಂಗು, ಒಂದು ದಿನವೂ ತಪ್ಪಿಸಬೇಡ. ಮೇಲಿನ ಸಾಲು ಹೊಡೆದು ಹಾಕಿದ್ದೇನೆ, ಕಂಡರೂ ಕಾಣದಂತಿರು. ದಿಲೀಪ ಹಾರ್ನ್ ಒತ್ತುತ್ತಿದ್ದಾನೆ. ಸುಣ್ಣದ ಗಡಿಗೆಯನ್ನು ಮೊನ್ನೆಯೇ ಕಸಿದುಕೊಂಡ ನಿನ್ನ ಅತ್ತೆ ಈಗ ನನ್ನ ಪೆನ್ನಿಗೂ ಕೈ ಹಾಕಿದ್ದಾಳೆ.